16 ಬಾರಿ ಹೊರಟು 16 ಬಾರಿಯೂ ಪ್ಯಾರಿಸ್ ತಲುಪಿದ ಯೋಪ್ ಝೂಟೆಮೆಲ್ಕ್: ಈ ವೃತ್ತಿಜೀವನವನ್ನು ಹೇಗೆ ಅಳೆಯಬೇಕು?

ದೂರದಾರಿ ಬರೆದಿದ್ದಾರೆ:

ನೆದರ್ಲೆಂಡ್ಸ್‌ನ ಸೈಕಲ್ ಸವಾರ ಯೋಪ್ ಝೂಟೆಮೆಲ್ಕ್ ಅವರ ಬಗ್ಗೆ ಇಲ್ಲಿ ಒಂದು ಚರ್ಚೆ ನಡೆಯಬೇಕೆಂಬುದು ನನ್ನ ಬಹುದಿನದ ಬಯಕೆ. ಮೂರು ವಾರ ದಿನಕ್ಕೊಂದು ಹಂತದಂತೆ ನಡೆದು ಸಾಮಾನ್ಯವಾಗಿ ಪ್ಯಾರಿಸ್‌ನಲ್ಲಿ ಮುಗಿಯುವ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್ ಎಂದೊಡನೆ ನಾವೆಲ್ಲ ಎಡ್ಡಿ ಮರ್ಕ್ಸ್, ಬರ್ನಾರ್ ಇನೋ ಅವರ ಹೆಸರುಗಳನ್ನು ಹೇಳುತ್ತೇವೆ. ಈ ಇಬ್ಬರ ಕಾಲದಲ್ಲೂ ಮುಂದಿನ ಸಾಲಿನಲ್ಲೇ ಸವಾರಿ ಮಾಡಿ, ಮರ್ಕ್ಸ್ ನಿವೃತ್ತರಾದ ಮೇಲೂ ಉಳಿದು, ಇನೋ ಅವರ ಕಡೆಯ ಟೂರ್‌ನಲ್ಲೂ ಜೊತೆಗಿದ್ದ ವ್ಯಕ್ತಿಯ ಹೆಸರು ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ.

ಝೂಟೆಮೆಲ್ಕ್ ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ. 1970ರಲ್ಲಿ ವೃತ್ತಿಪರ ಸವಾರರಾದ ಮೊದಲ ವರ್ಷವೇ ಟೂರ್‌ನಲ್ಲಿ ಮರ್ಕ್ಸ್ ಅವರ ಹಿಂದೆ ಎರಡನೆಯ ಸ್ಥಾನ ಪಡೆದರು. ಅಲ್ಲಿಂದ 1986ರವರೆಗೆ 1974 ಒಂದನ್ನು ಬಿಟ್ಟು ಪ್ರತಿವರ್ಷವೂ ಕಣಕ್ಕಿಳಿದರು, ಮತ್ತು ಒಂದು ಬಾರಿಯೂ ಸ್ಪರ್ಧೆಯನ್ನು ನಡುವೆ ಕೈಬಿಡಲಿಲ್ಲ. ಈ 16 ಟೂರ್‌ಗಳಲ್ಲಿ ಅವರು ತುಳಿದ ದಾರಿ 62,000 ಕಿ.ಮೀ.ಗೂ ಹೆಚ್ಚು. ಒಂದು ಗೆಲುವು, ಆರು ಎರಡನೆಯ ಸ್ಥಾನಗಳು, ಮೂರು ನಾಲ್ಕನೆಯ ಸ್ಥಾನಗಳು, 10 ವೈಯಕ್ತಿಕ ಹಂತಗಳ ಗೆಲುವು ಅವರ ಲೆಕ್ಕದಲ್ಲಿವೆ.

ಆದರೂ ಅವರ ಕುರಿತು ಬರೆದವರಲ್ಲಿ ಹೆಚ್ಚಿನವರು ಆರಂಭಿಸುವುದು ಆ ಆರು ಎರಡನೆಯ ಸ್ಥಾನಗಳಿಂದಲೇ. ಇತರರ ಚಕ್ರದ ಹಿಂದೆ ಅಡಗಿ ಸವಾರಿ ಮಾಡುವವರು, ಧೈರ್ಯ ಸಾಲದವರು ಎಂಬ ಆಪಾದನೆ ಅವರ ಬೆನ್ನು ಬಿಡಲಿಲ್ಲ. ಮರ್ಕ್ಸ್ ನೆರಳಿನಲ್ಲೇ ಇರುವುದರಿಂದ ಝೂಟೆಮೆಲ್ಕ್ ಅವರ ಮೈಗೆ ಬಿಸಿಲೇ ತಾಗುವುದಿಲ್ಲ ಎಂಬ ಮಾತು ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು. ನನ್ನ ಅಭಿಪ್ರಾಯದಲ್ಲಿ, ಜನರು ಯಾವುದನ್ನು ಅವರ ಕೊರತೆ ಎಂದರೋ ಅದೇ ಅವರನ್ನು 40ನೆಯ ವಯಸ್ಸಿನವರೆಗೂ ರಸ್ತೆಯ ಮೇಲೆ ಉಳಿಸಿದ ಗುಣ. ಒಪ್ಪುವವರೂ ಒಪ್ಪದವರೂ ಬರೆಯಬೇಕೆಂದು ಕೋರುತ್ತೇನೆ.

ಗಡಿಯಾರದ ಮುಳ್ಳು ಬರೆದಿದ್ದಾರೆ:

ನಾನು ಒಪ್ಪುವುದಿಲ್ಲ, ಗೌರವದಿಂದಲೇ ಕಾರಣ ಹೇಳುತ್ತೇನೆ.

ಎರಡನೆಯ ಸ್ಥಾನಗಳಲ್ಲಿ ಮೊದಲಿನವರಿಗೂ ಅವರಿಗೂ ಇದ್ದ ಅಂತರವನ್ನು ನೋಡಿ. 1970ರಲ್ಲಿ 12 ನಿಮಿಷ 41 ಸೆಕೆಂಡು, 1971ರಲ್ಲಿ 9 ನಿಮಿಷ 51 ಸೆಕೆಂಡು, 1982ರಲ್ಲಿ 6 ನಿಮಿಷ 21 ಸೆಕೆಂಡು. ಮರ್ಕ್ಸ್ ಮತ್ತು ಇನೋ ಎದುರಿಗಿದ್ದಾಗ ಸೋತರೆಂದು ಯಾರೂ ದೂರಲಾರರು. ನನ್ನ ಪ್ರಶ್ನೆ 1976ರ ಬಗ್ಗೆ. ಆ ವರ್ಷ ಮರ್ಕ್ಸ್ ಇರಲಿಲ್ಲ, ಇನೋ ಇನ್ನೂ ಟೂರ್‌ಗೆ ಬಂದಿರಲಿಲ್ಲ. ಝೂಟೆಮೆಲ್ಕ್ ಆಲ್ಪ್ ದ್ಯುಯೆಜ್, ಮೊಂಜನೆವ್ರ್, ಪ್ಯೂ ದ ದೋಮ್ ಎಂಬ ಮೂರು ಪರ್ವತ ಹಂತಗಳನ್ನು ಗೆದ್ದರು. ಅಂತಹ ಸ್ಥಿತಿಯಲ್ಲಿದ್ದವರು ಪಿರನೀಸ್‌ನ ಸೇಂಟ್ ಲಾರಿ ಹಂತದಲ್ಲಿ ಲುಸಿಯೆನ್ ವಾನ್ ಇಂಪೆ ಮುನ್ನುಗ್ಗಿದಾಗ ಸಕಾಲದಲ್ಲಿ ಬೆನ್ನಟ್ಟಲಿಲ್ಲ. ಒಂದೇ ದಿನದಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು; ಕೊನೆಯಲ್ಲಿ ಟೂರ್ ಸೋತದ್ದು 4 ನಿಮಿಷ 14 ಸೆಕೆಂಡಿನಿಂದ. ವಾನ್ ಇಂಪೆ ಅವರನ್ನು ಮುನ್ನುಗ್ಗಿಸಲು ಸಿರಿಲ್ ಗಿಮಾರ್ ಅವರಂತಹ ತಂಡದ ನಿರ್ದೇಶಕರು ಹಿಂದೆ ನಿಂತಿದ್ದರೆಂಬುದು ನಿಜ. ಆದರೆ ಒಬ್ಬ ನಾಯಕ ಸವಾರನಿಗೆ ಯಾವಾಗ ಸರ್ವಸ್ವವನ್ನೂ ಪಣಕ್ಕಿಡಬೇಕೆಂಬುದು ಸ್ವಂತಕ್ಕೆ ತಿಳಿಯಬೇಕು.

ಇನ್ನು ಅವರು ಗೆದ್ದ 1980ರ ಟೂರ್, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ತೊಟ್ಟಿದ್ದ ಇನೋ ಮೊಣಕಾಲು ನೋವಿನಿಂದ ಹೊರಬಿದ್ದ ಟೂರ್. ದೀರ್ಘಕಾಲ ಉಳಿದದ್ದು ಸಾಧನೆಯೇ ಸರಿ, ಆದರೆ ಉಳಿಯುವುದಕ್ಕೂ ಗೆಲ್ಲುವುದಕ್ಕೂ ವ್ಯತ್ಯಾಸವಿದೆ.

ಕೃಷ್ಣಾತೀರ ಬರೆದಿದ್ದಾರೆ:

ನಾನು ಜಮಖಂಡಿ ಕಡೆಯವನು. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ರಸ್ತೆ ಸೈಕ್ಲಿಂಗ್ ಎಷ್ಟು ಬೇರೂರಿದೆಯೆಂಬುದು ಇಲ್ಲಿನ ಹಲವರಿಗೆ ಗೊತ್ತಿದೆ. ಬಯಲಿನ ರಸ್ತೆಯಲ್ಲಿ ಎದುರುಗಾಳಿ ಬೀಸುವಾಗ ಮುಂದಿನವನ ಚಕ್ರ ಬಿಟ್ಟುಹೋದರೆ ಏನಾಗುತ್ತದೆಂಬುದನ್ನು ಇಲ್ಲಿ ಅಭ್ಯಾಸ ಮಾಡುವ ಹುಡುಗರು ಮೊದಲ ವಾರದಲ್ಲೇ ಕಲಿಯುತ್ತಾರೆ. ಆದ್ದರಿಂದ ಚಕ್ರದ ಹಿಂದೆ ಸವಾರಿ ಮಾಡುವುದು ಹೇಡಿತನ ಎಂಬ ಮಾತನ್ನು ನಾನು ಒಪ್ಪಲಾರೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮತ್ತೊಬ್ಬರ ಹಿಂದೆ ಇದ್ದವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಇಡೀ ರಸ್ತೆ ಸ್ಪರ್ಧೆ ನಿಂತಿರುವುದೇ ಈ ಲೆಕ್ಕದ ಮೇಲೆ.

ಮುಖ್ಯ ವಿಷಯ ಇನ್ನೊಂದಿದೆ. ಕಡಿದಾದ ಏರಿನಲ್ಲಿ ವೇಗ ಗಂಟೆಗೆ 15–20 ಕಿ.ಮೀ.ಗೆ ಇಳಿದಾಗ ಗಾಳಿಯ ಪಾತ್ರ ತೀರಾ ಕಡಿಮೆಯಾಗುತ್ತದೆ; ಅಲ್ಲಿ ಹೋರಾಡಬೇಕಾದದ್ದು ತನ್ನ ದೇಹದ ತೂಕದ ಜೊತೆಗೆ. ಝೂಟೆಮೆಲ್ಕ್ ಗೆದ್ದದ್ದು ಎಲ್ಲಿ? ಆಲ್ಪ್ ದ್ಯುಯೆಜ್‌ನಲ್ಲಿ ಎರಡು ಬಾರಿ, 1976 ಮತ್ತು 1979ರಲ್ಲಿ. ಪ್ಯೂ ದ ದೋಮ್‌ನಲ್ಲಿ ಎರಡು ಬಾರಿ. ಅದರಲ್ಲಿ 1978ರದ್ದು ಟೈಮ್ ಟ್ರಯಲ್, ಅಂದರೆ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಗಡಿಯಾರದ ಎದುರು ನಡೆಸುವ ಸವಾರಿ. ಅಲ್ಲಿ ಅಡಗಿಕೊಳ್ಳಲು ಯಾರ ಚಕ್ರವೂ ಇರಲಿಲ್ಲ.

ದೂರದಾರಿ ಬರೆದಿದ್ದಾರೆ:

ಕೃಷ್ಣಾತೀರ ಅವರಿಗೆ ಧನ್ಯವಾದಗಳು. ಗಡಿಯಾರದ ಮುಳ್ಳು ಅವರು 1976ರ ಬಗ್ಗೆ ಹೇಳಿದ ಮಾತಿನಲ್ಲಿ ಹುರುಳಿದೆ. ಸೇಂಟ್ ಲಾರಿಯ ಆ ದಿನ ಅವರು ಕಾದು ನೋಡಿದ್ದು ದುಬಾರಿಯಾಯಿತು. ಆದರೆ ಅದಕ್ಕೆ ಎರಡು ವರ್ಷ ಹಿಂದೆ ನಡೆದದ್ದನ್ನು ಪಕ್ಕಕ್ಕಿಟ್ಟು ಅವರ ಧೈರ್ಯದ ಬಗ್ಗೆ ತೀರ್ಪು ಕೊಡಬಾರದು.

1974ರ ವಸಂತದಲ್ಲಿ ಝೂಟೆಮೆಲ್ಕ್ ತಮ್ಮ ಜೀವನದ ಅತ್ಯುತ್ತಮ ಸ್ಥಿತಿಯಲ್ಲಿದ್ದರು. ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಮರ್ಕ್ಸ್ ಅವರನ್ನೇ ಸೋಲಿಸಿ ಗೆದ್ದರು. ಬಳಿಕ ಕ್ಯಾಟಲೋನಿಯದ ವಾರದ ಸ್ಪರ್ಧೆಯನ್ನೂ ಟೂರ್ ಡಿ ರೊಮಾಂಡಿಯನ್ನೂ ಗೆದ್ದರು. ಆ ಬೇಸಿಗೆಯ ಟೂರ್‌ನಲ್ಲಿ ಮರ್ಕ್ಸ್ ಅವರಿಗೆ ಸರಿಸಾಟಿಯಾಗಿ ನಿಲ್ಲಬಲ್ಲವರು ಯಾರಾದರೂ ಇದ್ದರೆ ಅದು ಝೂಟೆಮೆಲ್ಕ್ ಎಂದು ಹೇಳಬಹುದಾದ ಸಮಯ ಅದು. ಅಷ್ಟರಲ್ಲಿ, ದಕ್ಷಿಣ ಫ್ರಾನ್ಸ್‌ನ ಮಿಡಿ ಲಿಬ್ರ್ ಸ್ಪರ್ಧೆಯಲ್ಲಿ, ವಲ್ರಾ ಪ್ಲಾಜ್ ಎಂಬ ಕಡಲತೀರದ ಊರಿನಲ್ಲಿ ಹಂತ ಮುಗಿಯುವ ಜಾಗದಲ್ಲಿ, ಅವರು ನಿಂತಿದ್ದ ಕಾರೊಂದಕ್ಕೆ ಅಪ್ಪಳಿಸಿದರು. ತಲೆಬುರುಡೆ ಬಿರುಕುಬಿಟ್ಟಿತು. ಆ ಕಾಲದ ಸವಾರರು ಗಟ್ಟಿ ಹೆಲ್ಮೆಟ್ ಧರಿಸುತ್ತಿರಲಿಲ್ಲ ಎಂಬುದನ್ನು ಇಂದಿನ ಓದುಗರು ನೆನಪಿಡಬೇಕು. ನಂತರ ಮೆದುಳಿನ ಹೊದಿಕೆಗೆ ಸೋಂಕು ತಗುಲಿ ಮೆನಿಂಜೈಟಿಸ್ ಆಯಿತು; ಜೀವವೇ ಅಪಾಯದಲ್ಲಿತ್ತು. ನಾಲಿಗೆಯ ರುಚಿ ಮತ್ತೆಂದೂ ಪೂರ್ಣವಾಗಿ ಮರಳಲಿಲ್ಲವೆಂದು ಅವರ ಕುರಿತ ಬರಹಗಳು ಹೇಳುತ್ತವೆ. ಮೂರು ವಾರಗಳ ಸ್ಪರ್ಧೆಯಲ್ಲಿ ದಿನವೂ ಹಸಿವಿಗೆ ಮೀರಿ ತಿನ್ನಲೇಬೇಕಾದ ಒಬ್ಬ ಸವಾರನಿಗೆ ಇದರ ಅರ್ಥವೇನೆಂದು ಯೋಚಿಸಿ.

1975ರ ಮಾರ್ಚ್‌ನಲ್ಲಿ ಅವರು ಮತ್ತೆ ಪ್ಯಾರಿಸ್–ನೀಸ್‌ಗೆ ಬಂದರು, ಮತ್ತೆ ಗೆದ್ದರು. ಅದೇ ವರ್ಷದ ಟೂರ್‌ನಲ್ಲಿ ಪಿರನೀಸ್‌ನ ಒಂದು ಹಂತ ಗೆದ್ದು ನಾಲ್ಕನೆಯವರಾದರು. ಕೆಲವರು ಹೇಳುವಂತೆ ಅಪಘಾತದ ನಂತರ ಅವರು ಮೊದಲಿನ ಝೂಟೆಮೆಲ್ಕ್ ಆಗಿ ಉಳಿಯಲಿಲ್ಲ. ಲೆಕ್ಕ ಹಾಕಿ, ಅಳೆದು ತೂಗಿ ಶಕ್ತಿ ವ್ಯಯಿಸುವ ಸವಾರರಾದರು. ಹಾಗೆ ಆಗಿದ್ದರೆ ಅದನ್ನು ಅಂಜಿಕೆ ಎನ್ನುವ ಮನಸ್ಸು ನನಗೆ ಬರುವುದಿಲ್ಲ. ಅದು ಆ ದೇಹ ಕಂಡುಕೊಂಡ ದಾರಿ, ಮತ್ತು ಅದೇ ದಾರಿಯಲ್ಲಿ ಅವರು ಇನ್ನೂ 12 ವರ್ಷ ಸಾಗಿದರು.

ಹೊಸ ಸವಾರ ಬರೆದಿದ್ದಾರೆ:

ಹಿರಿಯರಿಗೆ ನಮಸ್ಕಾರ. 1980ರಲ್ಲಿ ಇನೋ ಹೊರಬಿದ್ದ ಮರುದಿನ ಝೂಟೆಮೆಲ್ಕ್ ಹಳದಿ ಜೆರ್ಸಿ ತೊಡಲು ನಿರಾಕರಿಸಿದರೆಂದು ಓದಿದ್ದೇನೆ. ನಿಯಮದಂತೆ ತನ್ನದಾದ ಜೆರ್ಸಿಯನ್ನು ಒಬ್ಬ ಸವಾರ ಏಕೆ ತೊಡಬಾರದು? ಇದು ಆ ಕ್ರೀಡೆಯಲ್ಲಿ ರೂಢಿಯೇ, ಅಥವಾ ಅವರ ಸ್ವಂತ ನಿರ್ಧಾರವೇ?

ಘಾಟಿ ಏರು ಬರೆದಿದ್ದಾರೆ:

ಇದಕ್ಕೆ ಉತ್ತರಿಸಬೇಕಾದರೆ 1971ಕ್ಕೆ ಹೋಗಬೇಕು, ಏಕೆಂದರೆ ಆ ಘಟನೆಯಲ್ಲೂ ಝೂಟೆಮೆಲ್ಕ್ ಇದ್ದರು.

1971ರ ಟೂರ್‌ನಲ್ಲಿ ಗ್ರೆನೋಬ್ಲ್‌ನಲ್ಲಿ ಹಳದಿ ಜೆರ್ಸಿ ಮೊದಲ ಬಾರಿಗೆ ಝೂಟೆಮೆಲ್ಕ್ ಅವರ ಪಾಲಾಯಿತು. ಸ್ಪೇನ್‌ನ ಲುಯಿಸ್ ಒಕಾನ್ಯಾ ಅವರಿಗಿಂತ ಒಂದೇ ಸೆಕೆಂಡು ಮುಂದೆ. ಮರುದಿನವೇ ಓರ್ಸಿಯೆರ್ ಮೆರ್ಲೆತ್ ಏರಿನಲ್ಲಿ ಒಕಾನ್ಯಾ ಎಲ್ಲರನ್ನೂ ನಿಮಿಷಗಟ್ಟಲೆ ಹಿಂದಿಕ್ಕಿ ಜೆರ್ಸಿಯನ್ನು ಕಿತ್ತುಕೊಂಡರು. ಮರ್ಕ್ಸ್ ಅವರನ್ನು ಹಾಗೆ ಯಾರೂ ಸೋಲಿಸಿರಲಿಲ್ಲ. ಕೆಲವು ದಿನಗಳ ನಂತರ, ರವೆಲ್‌ನಿಂದ ಲುಶೋಂ ಊರಿಗೆ ಹೋಗುವ ಹಂತದಲ್ಲಿ, ಮಾಂಟೆ ಘಾಟಿಯ ಇಳಿಜಾರಿನಲ್ಲಿ ಬಿರುಮಳೆ ಸುರಿಯಿತು. ರಸ್ತೆಯ ಮೇಲೆ ಕೆಸರು ನೀರು ಹರಿಯುತ್ತಿತ್ತು. ತಿರುವೊಂದರಲ್ಲಿ ಮರ್ಕ್ಸ್ ಜಾರಿದರು, ಹಿಂದೆಯೇ ಇದ್ದ ಒಕಾನ್ಯಾ ಕೂಡ ಬಿದ್ದರು. ಮರ್ಕ್ಸ್ ಎದ್ದು ಹೊರಟರು. ಒಕಾನ್ಯಾ ಏಳುತ್ತಿದ್ದಂತೆ, ಸೈಕಲ್ ಹಿಡಿತಕ್ಕೆ ಸಿಗದೆ ಬಂದ ಝೂಟೆಮೆಲ್ಕ್ ಬಲವಾಗಿ ಅವರಿಗೆ ಡಿಕ್ಕಿ ಹೊಡೆದರು. ಒಕಾನ್ಯಾ ಅವರನ್ನು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಟೂರ್‌ನ ಮುಂದಾಳುತನ ಮರ್ಕ್ಸ್ ಪಾಲಿಗೆ ಬಂತು, ಆದರೆ ಮರುದಿನ ಅವರು ಹಳದಿ ಜೆರ್ಸಿ ತೊಡಲಿಲ್ಲ. ಬಿದ್ದವನಿಂದ ಬಂದದ್ದನ್ನು ತಾನು ಗೆದ್ದದ್ದು ಎಂದು ತೋರಿಸಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ.

ಒಂಬತ್ತು ವರ್ಷಗಳ ನಂತರ ಅದೇ ಸ್ಥಾನದಲ್ಲಿ ಝೂಟೆಮೆಲ್ಕ್ ನಿಂತರು. 1980ರ ಟೂರ್‌ನ ಮೊದಲ ವಾರ ಉತ್ತರದ ಚಳಿ, ಮಳೆ, ಕಲ್ಲುಹಾಸಿನ ರಸ್ತೆಗಳಲ್ಲಿ ಸಾಗಿತ್ತು. ಅಲ್ಲಿ ಇನೋ ಗೆದ್ದರು, ಆದರೆ ಅವರ ಮೊಣಕಾಲಿನ ಸ್ನಾಯುರಜ್ಜು ಊದಿಕೊಂಡಿತು. ಲಾಪ್ಲೂಮ್‌ನ ಟೈಮ್ ಟ್ರಯಲ್‌ನಲ್ಲಿ ಝೂಟೆಮೆಲ್ಕ್ ಗೆದ್ದರು. ಹಳದಿ ಜೆರ್ಸಿ ಇನೋ ಅವರಿಗೆ ಸಿಕ್ಕಿತಾದರೂ ಇಬ್ಬರ ನಡುವಿನ ಅಂತರ ಬರೀ 21 ಸೆಕೆಂಡು. ಪಿರನೀಸ್ ಏರುವ ಮುನ್ನಾ ರಾತ್ರಿ, ಪೋ ಎಂಬ ಊರಿನಲ್ಲಿ, ಇನೋ ಸ್ಪರ್ಧೆಯಿಂದ ಹಿಂದೆ ಸರಿದರು. ಮರುದಿನದ ಹಂತ ಪೋ ಊರಿನಿಂದ ಲುಶೋಂಗೆ. ಹೌದು, 1971ರ ಆ ಹಂತ ಮುಗಿದ ಅದೇ ಲುಶೋಂ. ಆ ದಿನ ಝೂಟೆಮೆಲ್ಕ್ ಹಳದಿ ಜೆರ್ಸಿ ಇಲ್ಲದೆಯೇ ಹೊರಟರು, ಸಂಜೆ ಅದನ್ನು ಸ್ವೀಕರಿಸಿದರು.

ಆದ್ದರಿಂದ, ಹೊಸ ಸವಾರ ಅವರೇ, ಇದು ಬರೆದಿಟ್ಟ ನಿಯಮವಲ್ಲ, ಹಿರಿಯರು ನಡೆದು ತೋರಿಸಿದ ಮರ್ಯಾದೆ. ಮಾಂಟೆಯ ತಿರುವಿನಲ್ಲಿ ಒಕಾನ್ಯಾ ಅವರಿಗೆ ಡಿಕ್ಕಿ ಹೊಡೆದವರೇ ತಾವಾಗಿದ್ದರಿಂದ, ಇನ್ನೊಬ್ಬರ ನೋವಿನಿಂದ ಬರುವ ಜೆರ್ಸಿಯ ಭಾರ ಝೂಟೆಮೆಲ್ಕ್ ಅವರಿಗೆ ಉಳಿದವರಿಗಿಂತ ಹೆಚ್ಚು ತಿಳಿದಿತ್ತು ಎಂದು ನಾನು ಭಾವಿಸುತ್ತೇನೆ.

ಇನೋ ಇದ್ದಿದ್ದರೆ ಎಂಬ ಪ್ರಶ್ನೆಗೂ ಎರಡು ಮಾತು ಹೇಳಿಬಿಡುತ್ತೇನೆ. ಪ್ರಾ ಲೂ ಏರಿನಲ್ಲಿ ಝೂಟೆಮೆಲ್ಕ್ ಅವರದೇ ತಂಡದ ಕಿರಿಯ ಸವಾರ ಯೋಹಾನ್ ವಾನ್ ಡೆರ್ ವೆಲ್ಡೆ ತೂರಾಡಿ ಅಡ್ಡ ಬಂದಿದ್ದರಿಂದ ಝೂಟೆಮೆಲ್ಕ್ ಬಿದ್ದು ಗಾಯಗೊಂಡರು. ಆ ಗಾಯ ಹೊತ್ತುಕೊಂಡೇ ಕೆಲವು ದಿನಗಳಲ್ಲಿ ಸೇಂತ್ ಎತಿಯೆನ್‌ನ ಟೈಮ್ ಟ್ರಯಲ್ ಗೆದ್ದರು. ಎರಡನೆಯ ಸ್ಥಾನದ ಹೆನ್ನಿ ಕೌಪರ್ ಅವರಿಗಿಂತ 6 ನಿಮಿಷ 55 ಸೆಕೆಂಡು ಮುಂದಾಗಿ ಪ್ಯಾರಿಸ್ ತಲುಪಿದರು. ಕಾಯಿಲೆ ಬೀಳದೆ, ಬಿದ್ದರೂ ನಿಲ್ಲದೆ ಮೂರು ವಾರ ಪೂರೈಸುವುದು ಈ ಸ್ಪರ್ಧೆಯ ಹೊರಗಿನ ಅದೃಷ್ಟವಲ್ಲ. ಸ್ಪರ್ಧೆ ಇರುವುದೇ ಅದಕ್ಕೆ.

ಗಡಿಯಾರದ ಮುಳ್ಳು ಬರೆದಿದ್ದಾರೆ:

ಘಾಟಿ ಏರು ಅವರ ವಿವರಣೆ ಬಹಳ ಚೆನ್ನಾಗಿದೆ. 21 ಸೆಕೆಂಡಿನ ಅಂತರ 1980ರ ಗೆಲುವಿಗೆ ತೂಕ ಕೊಡುತ್ತದೆ, ನಿಜ. ಆದರೆ ಈ ಚರ್ಚೆಯಲ್ಲಿ ಇದುವರೆಗೆ ಯಾರೂ ಮುಟ್ಟದ ವಿಷಯವೊಂದಿದೆ. ದೀರ್ಘ ವೃತ್ತಿಜೀವನದ ಗುಟ್ಟು ಶಕ್ತಿಯ ಮಿತವ್ಯಯ ಎಂದು ದೂರದಾರಿ ಅವರು ಹೇಳುತ್ತಾರೆ. ಉದ್ದೀಪನ ಮದ್ದಿನ ಪರೀಕ್ಷೆಗಳಲ್ಲಿ ಅವರು ಸಿಕ್ಕಿಬಿದ್ದದ್ದನ್ನು ಬಿಟ್ಟು ಈ ಮಾತನ್ನು ಪೂರ್ಣಗೊಳಿಸಲು ಸಾಧ್ಯವೇ?

ತುಲಾದಂಡ ಬರೆದಿದ್ದಾರೆ:

ಸಾಧ್ಯವಿಲ್ಲ, ಮತ್ತು ಬಿಡಲೂ ಬಾರದು. ದಾಖಲೆಯಲ್ಲಿರುವುದು ಇಷ್ಟು. 1977ರ ಟೂರ್‌ನಲ್ಲಿ ಅವೊರಿಯಾಜ್ ಏರಿನ ಟೈಮ್ ಟ್ರಯಲ್ ಗೆದ್ದ ನಂತರ ಅವರ ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಪತ್ತೆಯಾಯಿತು. ಆ ಗೆಲುವು ವಾನ್ ಇಂಪೆ ಅವರಿಗೆ ಹೋಯಿತು, ಝೂಟೆಮೆಲ್ಕ್ ಅವರಿಗೆ 10 ನಿಮಿಷಗಳ ದಂಡ ಬಿತ್ತು. 1979ರಲ್ಲಿ ಮತ್ತೆ ಅದೇ ಆಯಿತು, ಮತ್ತೆ 10 ನಿಮಿಷ. ಇನೋ ಅವರಿಗಿಂತ 3 ನಿಮಿಷ 7 ಸೆಕೆಂಡು ಹಿಂದೆ ಮುಗಿಸಿದ್ದ ಅವರ ಅಂತರ 13 ನಿಮಿಷ 7 ಸೆಕೆಂಡಾಯಿತು. ಮೂರನೆಯ ಸ್ಥಾನದ ಪೋರ್ಚುಗಲ್‌ನ ಝುವಾಕಿಂ ಅಗುಷ್ಟಿನ್ಯು ಅದಕ್ಕಿಂತಲೂ ಬಹಳ ಹಿಂದಿದ್ದುದರಿಂದ ಸ್ಥಾನ ಮಾತ್ರ ಬದಲಾಗಲಿಲ್ಲ. 1983ರಲ್ಲಿ ಮೂರನೆಯ ಬಾರಿ. ಆ ಫಲಿತಾಂಶವನ್ನು ಅವರು ಒಪ್ಪಲಿಲ್ಲ, ಆದರೆ ದಂಡ ಬಿತ್ತು.

ಇಂದು ಒಂದೇ ಬಾರಿ ಸಿಕ್ಕಿಬಿದ್ದವರು ವರ್ಷಗಟ್ಟಲೆ ಸ್ಪರ್ಧೆಯಿಂದ ಹೊರಗಿರಬೇಕಾಗುತ್ತದೆ. ಅಂದು ಟೂರ್‌ನಲ್ಲಿ ವಿಧಿಸುತ್ತಿದ್ದುದು ಕಾಲದ ದಂಡ. ಸವಾರ ಮರುದಿನ ಮತ್ತೆ ಪ್ರಾರಂಭದ ಗೆರೆಯಲ್ಲಿ ನಿಲ್ಲಬಹುದಿತ್ತು. ಅಂದರೆ ಇಂದಿನ ನಿಯಮಗಳ ಅಡಿಯಲ್ಲಿ ಈ 16 ಎಂಬ ಸಂಖ್ಯೆ ಇರುತ್ತಲೇ ಇರಲಿಲ್ಲ. ಇದನ್ನು ಅವರ ಅಭಿಮಾನಿಗಳು ಒಪ್ಪಿಕೊಂಡೇ ಮಾತನಾಡಬೇಕು. ಆ ಕಾಲದಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಮರ್ಕ್ಸ್ ಅವರ ಹೆಸರೂ ಇದೆ ಎಂಬುದು ಸಮಜಾಯಿಷಿಯಲ್ಲ. ಆ ಗುಂಪಿನ ಬದುಕು ಹೇಗಿತ್ತು ಎಂಬುದರ ಸೂಚನೆ. ನನ್ನ ಮಟ್ಟಿಗೆ ಹೇಳುವುದಾದರೆ, 1977 ಮತ್ತು 1979ರ ಸಾಲುಗಳನ್ನು ಓದುವಾಗ ನನಗೆ ನೋವಾಗುತ್ತದೆ. ಆ ನೋವು ಅವರ ಮೇಲಿನ ಗೌರವವನ್ನು ಅಳಿಸುವುದಿಲ್ಲ. ಗೌರವಕ್ಕಾಗಿ ಆ ಸಾಲುಗಳನ್ನು ಅಳಿಸಲೂ ನಾನು ಸಿದ್ಧನಿಲ್ಲ.

ಲೈಡನ್ ನಿವಾಸಿ ಬರೆದಿದ್ದಾರೆ:

ನಾನು ಕೆಲಸದ ನಿಮಿತ್ತ ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದವನು. ಝೂಟೆಮೆಲ್ಕ್ ಬೆಳೆದ ರೇಪ್‌ವೆಟರಿಂಗ್ ಎಂಬ ಹಳ್ಳಿ ನಮ್ಮ ಊರಿನ ಹತ್ತಿರವೇ ಇದೆ. ಸುತ್ತಲೂ ಹುಲ್ಲುಗಾವಲು, ಕಾಲುವೆಗಳು. ಕಣ್ಣು ಹಾಯಿಸಿದಷ್ಟು ದೂರ ಒಂದು ದಿಬ್ಬವೂ ಇಲ್ಲ. ಪರ್ವತಗಳಲ್ಲಿ ಗೆದ್ದ ಸವಾರ ಬೆಳೆದ ನೆಲ ಇದು ಎಂದು ನಂಬುವುದು ಕಷ್ಟ. ಊರಿನಲ್ಲಿ ಅವರ ಪ್ರತಿಮೆ ಇದೆ.

ಯೌವನದಲ್ಲಿ ಅವರು ಬಡಗಿ ಕೆಲಸ ಮಾಡುತ್ತಿದ್ದರು, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಿದ್ದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ನಾಲ್ವರ ತಂಡದ ಟೈಮ್ ಟ್ರಯಲ್‌ನಲ್ಲಿ ಫೆಡರ್ ಡೆನ್ ಹೆರ್ಟೊಗ್, ಯಾನ್ ಕ್ರೆಕೆಲ್ಸ್, ರೆನೆ ಪೈನನ್ ಅವರ ಜೊತೆ ಚಿನ್ನ ಗೆದ್ದರು. ಮರುವರ್ಷ ಕಿರಿಯ ಸವಾರರ ಟೂರ್ ಡಿ ಲಾವೆನಿರ್ ಗೆದ್ದರು. ನಂತರ ಫ್ರೆಂಚ್ ಮಹಿಳೆಯನ್ನು ಮದುವೆಯಾಗಿ ಪ್ಯಾರಿಸ್‌ನ ಪೂರ್ವಕ್ಕಿರುವ ಮೋ ಪಟ್ಟಣದಲ್ಲಿ ನೆಲೆಸಿದರು, ಅಲ್ಲಿ ಹೋಟೆಲ್ ನಡೆಸಿದರು.

ಇಲ್ಲಿನ ಹಿರಿಯರ ಜೊತೆ ಮಾತನಾಡುವಾಗ ನನಗೆ ಕಂಡದ್ದೇನೆಂದರೆ, ಅವರ ಮೇಲಿನ ಪ್ರೀತಿ ತಡವಾಗಿ ಬಂದ ಪ್ರೀತಿ. ಮಿತಭಾಷಿ, ನಾಚಿಕೆ ಸ್ವಭಾವ, ಬದುಕಿದ್ದು ಫ್ರಾನ್ಸ್‌ನಲ್ಲಿ. ಟಿಐ ರ‍್ಯಾಲಿ ತಂಡದ ನಿರ್ದೇಶಕ ಪೀಟರ್ ಪೋಸ್ಟ್ ಅವರು 1980ರಲ್ಲಿ ಕರೆತಂದು ಬಲಿಷ್ಠ ಡಚ್ ತಂಡವೊಂದರ ನಾಯಕತ್ವ ಕೊಟ್ಟಾಗಲೇ ದೇಶ ಅವರನ್ನು ತನ್ನವರೆಂದು ಪೂರ್ಣವಾಗಿ ಅಪ್ಪಿಕೊಂಡಿತು. 1968ರಲ್ಲಿ ಗೆದ್ದ ಯಾನ್ ಯಾನ್ಸನ್ ಅವರ ನಂತರ ಪುರುಷರ ಟೂರ್ ಗೆದ್ದ ಎರಡನೆಯ ಡಚ್ ಸವಾರ ಝೂಟೆಮೆಲ್ಕ್. ಮೂರನೆಯವರು ಇನ್ನೂ ಬಂದಿಲ್ಲ.

ಕೃಷ್ಣಾತೀರ ಬರೆದಿದ್ದಾರೆ:

ಹಣದ ವಿಷಯವನ್ನೂ ಸೇರಿಸಬೇಕು. ಆ ಕಾಲದ ಸವಾರರ ಗಳಿಕೆಯಲ್ಲಿ ದೊಡ್ಡ ಪಾಲು ಬರುತ್ತಿದ್ದುದು ಟೂರ್ ಮುಗಿದ ಮೇಲೆ ಊರೂರುಗಳಲ್ಲಿ ನಡೆಯುತ್ತಿದ್ದ ಕ್ರೈಟೀರಿಯಂ ಸ್ಪರ್ಧೆಗಳಿಂದ. ಊರಿನ ಬೀದಿಗಳಲ್ಲೇ ಸುತ್ತು ಹೊಡೆಯುವ ಈ ಸ್ಪರ್ಧೆಗಳಿಗೆ ಬಂದು ನಿಂತದ್ದಕ್ಕೇ ಸಂಭಾವನೆ ಸಿಗುತ್ತಿತ್ತು, ಮತ್ತು ಟೂರ್‌ನಲ್ಲಿ ಪಡೆದ ಸ್ಥಾನ ಆ ಸಂಭಾವನೆಯನ್ನು ನಿರ್ಧರಿಸುತ್ತಿತ್ತು. ಎರಡನೆಯ ಸ್ಥಾನವನ್ನು ಕಾಪಾಡಿಕೊಳ್ಳುವುದೆಂದರೆ ಮನೆಯನ್ನು ಕಾಪಾಡಿಕೊಳ್ಳುವುದು. ನಮ್ಮ ಭಾಗದ ಹುಡುಗರು ಸೈಕಲ್ ತುಳಿದು ರೈಲ್ವೆಯಲ್ಲೊಂದು ನೌಕರಿ ಹಿಡಿಯುವ ಆಸೆ ಇಟ್ಟುಕೊಳ್ಳುವುದನ್ನು ನೋಡಿದವನಿಗೆ ಇದು ಬೇಗ ಅರ್ಥವಾಗುತ್ತದೆ.

ದೂರದಾರಿ ಬರೆದಿದ್ದಾರೆ:

ತುಲಾದಂಡ ಅವರ ಮಾತಿಗೆ ನಾನು ಏನನ್ನೂ ಕೂಡಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ಧೈರ್ಯದ ಪ್ರಶ್ನೆಗೆ ಮಾತ್ರ ಹಿಂದಿರುಗುತ್ತೇನೆ, ಏಕೆಂದರೆ 1979ರ ಕೊನೆಯ ದಿನವನ್ನು ಯಾರೂ ಹೇಳಿಲ್ಲ. ಪ್ಯಾರಿಸ್‌ಗೆ ಬರುವ ಕೊನೆಯ ಹಂತದಲ್ಲಿ ಮೊದಲ ಸ್ಥಾನಗಳಲ್ಲಿರುವವರು ಸಾಮಾನ್ಯವಾಗಿ ಸೆಣಸುವುದಿಲ್ಲ. ಆ ವರ್ಷ ಝೂಟೆಮೆಲ್ಕ್ ಮುನ್ನುಗ್ಗಿದರು, ಇನೋ ಅವರನ್ನು ಹಿಡಿದರು, ಟೂರ್‌ನ ಮೊದಲ ಇಬ್ಬರೇ ಗುಂಪನ್ನು ಹಿಂದೆ ಬಿಟ್ಟು ಶಾಂಜಲಿಜೆಗೆ ಬಂದರು. ಅಂತಿಮ ವೇಗದ ಓಟದಲ್ಲಿ ಇನೋ ಗೆದ್ದರು. ಸೋಲು ಖಚಿತವಾಗಿದ್ದ ದಿನವೂ ಹೀಗೆ ಹೊರಟ ವ್ಯಕ್ತಿಗೆ ನೆರಳಿನ ಸವಾರ ಎಂಬ ಹೆಸರು ಒಪ್ಪುತ್ತದೆಯೇ?

ಘಾಟಿ ಏರು ಬರೆದಿದ್ದಾರೆ:

ಈಗ 1985ರ ಬಗ್ಗೆ ಬರೆಯುವ ಸಮಯ ಬಂದಿದೆ. ಗಡಿಯಾರದ ಮುಳ್ಳು ಅವರು ಕೇಳಿದ್ದು, ಯಾವಾಗ ಎಲ್ಲವನ್ನೂ ಪಣಕ್ಕಿಡಬೇಕೆಂಬುದು ಅವರಿಗೆ ತಿಳಿದಿತ್ತೇ ಎಂದು. ಉತ್ತರ ಇಟಲಿಯ ಜಾವೆರಾ ದೆಲ್ ಮೊಂತೆಲ್ಲೊ ಎಂಬ ಊರಿನಲ್ಲಿದೆ.

1985ರ ಸೆಪ್ಟೆಂಬರ್ 1ರಂದು ಅಲ್ಲಿ ವಿಶ್ವ ಚಾಂಪಿಯನ್‌ಷಿಪ್ ರಸ್ತೆ ಸ್ಪರ್ಧೆ ನಡೆಯಿತು. ದೂರ 265 ಕಿ.ಮೀ.ಗೂ ಹೆಚ್ಚು. ಝೂಟೆಮೆಲ್ಕ್ ಅವರಿಗೆ ಆಗ 38 ವರ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಇಟಲಿಯ ತಿರೆನೊ–ಅದ್ರಿಯಾತಿಕೊ ಸ್ಪರ್ಧೆಯನ್ನು ಗೆದ್ದಿದ್ದರೂ, ಒಂದು ದಿನದ ಈ ಕಿರೀಟಕ್ಕೆ ಅವರ ಹೆಸರನ್ನು ಯಾರೂ ಎಣಿಸಿರಲಿಲ್ಲ. ಕೊನೆಯ ಸುತ್ತಿನ ಮುಂದಿನ ಗುಂಪಿನಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಇದ್ದರು, ತಾಯ್ನೆಲದಲ್ಲಿ ಓಡುತ್ತಿದ್ದ ಮೊರೆನೊ ಅರ್ಜೆಂತಿನ್ ಇದ್ದರು. ಇವರೆಲ್ಲ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು. ಗೆರೆ ಇನ್ನೇನು ಹತ್ತಿರ ಬಂತೆನ್ನುವಾಗ ಝೂಟೆಮೆಲ್ಕ್ ಗುಂಪಿನಿಂದ ಹೊರಬಂದು ನುಗ್ಗಿದರು. ಬೆನ್ನಟ್ಟಿದವನು ತನ್ನ ಶಕ್ತಿ ಖರ್ಚು ಮಾಡಿ ಉಳಿದವರನ್ನು ಗೆರೆಯವರೆಗೆ ಹೊತ್ತೊಯ್ದಂತಾಗುತ್ತದೆ; ಆದ್ದರಿಂದ ಪ್ರತಿಯೊಬ್ಬರೂ ಮತ್ತೊಬ್ಬರು ಮೊದಲು ಹೋಗಲೆಂದು ಕಾದರು. ಆ ಕೆಲವು ಕ್ಷಣಗಳ ಕಾಯುವಿಕೆಯಲ್ಲಿ ಸ್ಪರ್ಧೆ ಮುಗಿದಿತ್ತು. ಅಂತರ ಮೂರೇ ಸೆಕೆಂಡು. ಲೆಮಾಂಡ್ ಎರಡನೆಯವರು, ಅರ್ಜೆಂತಿನ್ ಮೂರನೆಯವರು.

15 ವರ್ಷ ಇತರರ ಚಕ್ರದ ಹಿಂದಿನಿಂದ ಗುಂಪಿನ ಮನಸ್ಸನ್ನು ಓದಿದ ವ್ಯಕ್ತಿಗೆ, ಈಗ ಯಾರೂ ನನ್ನನ್ನು ಬೆನ್ನಟ್ಟುವುದಿಲ್ಲ ಎಂಬ ಆ ಒಂದು ಕ್ಷಣ ಕಾಣಿಸಿತು. ನನ್ನ ದೃಷ್ಟಿಯಲ್ಲಿ ಅದು ಅವರ ಇಡೀ ವೃತ್ತಿಜೀವನದ ಅತ್ಯಂತ ಸುಂದರ ನಿರ್ಧಾರ. ಪುರುಷರ ವಿಭಾಗದಲ್ಲಿ ಈ ಕಿರೀಟ ಗೆದ್ದವರಲ್ಲಿ ಅತ್ಯಂತ ಹಿರಿಯರು ಇಂದಿಗೂ ಅವರೇ. 2018ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸ್ಪೇನ್‌ನ ಅಲೆಹಾಂದ್ರೊ ವಾಲ್ವೆರ್ದೆ ಅವರೂ 38ನೆಯ ವಯಸ್ಸಿನಲ್ಲೇ ಗೆದ್ದರು, ಆದರೆ ಕೆಲವು ತಿಂಗಳುಗಳ ಅಂತರದಿಂದ ದಾಖಲೆ ಝೂಟೆಮೆಲ್ಕ್ ಬಳಿಯೇ ಉಳಿಯಿತು.

ಗಡಿಯಾರದ ಮುಳ್ಳು ಬರೆದಿದ್ದಾರೆ:

1985ರ ವಿವರಣೆಗೆ ನಾನು ತಲೆಬಾಗುತ್ತೇನೆ. 1976ರ ಬಗ್ಗೆ ನನ್ನ ಅಭಿಪ್ರಾಯ ಹಾಗೆಯೇ ಇದೆ. ಆ ಟೂರ್ ಅವರದಾಗಬೇಕಿತ್ತು. ಬಹುಶಃ ಆ ವರ್ಷ ತಪ್ಪಿದ್ದನ್ನು ನೆನಪಿಟ್ಟುಕೊಂಡವರಿಗೆ ಮಾತ್ರ ಜಾವೆರಾದ ಆ ಕ್ಷಣ ಸಿಗುತ್ತದೆ ಎಂದೂ ವಾದಿಸಬಹುದು. ಅಷ್ಟು ಮಾತ್ರ ನಾನು ಒಪ್ಪಬಲ್ಲೆ.

ಹೊಸ ಸವಾರ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಒಂದು ಪ್ರಶ್ನೆ: 16 ಟೂರ್‌ಗಳ ಅವರ ದಾಖಲೆಯನ್ನು ಯಾರಾದರೂ ಮುರಿದಿದ್ದಾರೆಯೇ? ಮತ್ತು ಅವರು ಯಾವಾಗ ನಿವೃತ್ತರಾದರು?

ದೂರದಾರಿ ಬರೆದಿದ್ದಾರೆ:

ಭಾಗವಹಿಸಿದ ಸಂಖ್ಯೆಯಲ್ಲಿ ಫ್ರಾನ್ಸ್‌ನ ಸಿಲ್ವಾಂ ಶಾವನೆಲ್ ಮುಂದಿದ್ದಾರೆ. 2018ರಲ್ಲಿ ಅವರು 18ನೆಯ ಟೂರ್ ಆಡಿದರು. ಅವುಗಳಲ್ಲಿ ಪೂರ್ಣಗೊಳಿಸಿದ್ದು 16. ಆ ಲೆಕ್ಕದಲ್ಲಿ ಝೂಟೆಮೆಲ್ಕ್ ಅವರಿಗೆ ಸಮ. ಆದರೆ ಹೊರಟಷ್ಟನ್ನೂ ಮುಗಿಸಿದ್ದು ಝೂಟೆಮೆಲ್ಕ್.

ಅವರ ಕೊನೆಯ ಟೂರ್ 1986ರದ್ದು. ವಿಶ್ವ ಚಾಂಪಿಯನ್ ಆಗಿ, 39ನೆಯ ವಯಸ್ಸಿನಲ್ಲಿ, 24ನೆಯವರಾಗಿ ಪ್ಯಾರಿಸ್ ತಲುಪಿದರು. ಆದರೆ ವೃತ್ತಿಜೀವನ ಅಲ್ಲಿಗೆ ನಿಲ್ಲಲಿಲ್ಲ. 1987ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಅತಿ ದೊಡ್ಡ ಒಂದು ದಿನದ ಸ್ಪರ್ಧೆಯಾದ ಆಮ್‌ಸ್ಟೆಲ್ ಗೋಲ್ಡ್ ರೇಸ್‌ನಲ್ಲಿ, ತಮಗಿಂತ 13 ವರ್ಷ ಕಿರಿಯರಾದ ಸ್ಟೀವನ್ ರೂಕ್ಸ್ ಅವರನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಗೆದ್ದರು. ಅವರಿಗೆ ಆಗ 40 ವರ್ಷ. ತಾಯ್ನಾಡಿನ ಈ ಸ್ಪರ್ಧೆ ಅಷ್ಟು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ದಕ್ಕಿರಲಿಲ್ಲ. ಆ ವರ್ಷದ ಕೊನೆಗೆ ಅವರು ನಿವೃತ್ತರಾದರು. ಬಳಿಕ ಹಲವು ವರ್ಷ ಡಚ್ ತಂಡಗಳಲ್ಲಿ ನಿರ್ದೇಶಕರಾಗಿ ದುಡಿದರು.